ಉಳಿದ ಉಣ್ಣೆಯ ಮಸಿ ಅರಿವೆಗಳು

ಗದಗ-ಬೆಟಗೇರಿಯಲ್ಲಿ ಇದ್ದುಕೊಂಡು ಉಣ್ಣೆಯ ಸ್ವೆಟರ್ ಹೆಣೆಯುವ ಚಟ ನನಗಿತ್ತು ಎಂದರೆ ನೀವು ಮೊದಲು ನನ್ನ ಮುಖ ನೋಡುತ್ತೀರಿ, ಆಮೇಲೆ ಕಿಟಕಿಯಾಚೆಯ ಬಿಸಿಲು ನೋಡುತ್ತೀರಿ. ನೋಡಿ, ಸಂಕೋಚವೇನಿಲ್ಲ. ನಮ್ಮ ಮನೆಯವರು ಮದುವೆಯಾದ ವರ್ಷದಿಂದಲೂ ಹಾಗೆಯೇ ನೋಡುತ್ತ ಬಂದಿದ್ದಾರೆ. ನಮ್ಮಲ್ಲಿ ಚಳಿ ಬರುವುದೇ ಇಲ್ಲವೆಂದಲ್ಲ. ಬರುತ್ತದೆ. ಡಿಸೆಂಬರಿನಲ್ಲಿ ನಾಲ್ಕಾರು ದಿನ ಬೆಳಗಿನ ಹೊತ್ತು ಬಂದು, ಕಟ್ಟೆಯ ಮೇಲೆ ಒಂದಿಷ್ಟು ಕುಳಿತು, ಚಹಾ ಆರುವುದರೊಳಗೆ ಎದ್ದುಹೋಗುತ್ತದೆ. ಅಂಥ ಅವಸರದ ಅತಿಥಿಗಾಗಿ ವರ್ಷವಿಡೀ ಸಿದ್ಧತೆ ಮಾಡಿಕೊಳ್ಳುತ್ತಿದ್ದವಳು ಇಡೀ ಓಣಿಯಲ್ಲಿ ನಾನೊಬ್ಬಳೇ.

ಹೆಣಿಗೆ ಕಲಿತದ್ದು ಲಕ್ಷ್ಮೇಶ್ವರದ ತವರುಮನೆಯಲ್ಲಿ, ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ಬೆಳಗಾವಿ ಕಡೆಯ ಒಬ್ಬ ನರ್ಸಬಾಯಿಯಿಂದ. ಅವರ ಊರಿನಲ್ಲಿ ನಿಜವಾದ ಚಳಿ ಇತ್ತು, ನನ್ನ ಹತ್ತಿರ ನಿಜವಾದ ಬಿಡುವು ಇತ್ತು. ಮದುವೆಯಾಗಿ ಬೆಟಗೇರಿಗೆ ಬಂದರೆ ಇದು ನೇಕಾರರ ಊರು. ಬೆಳಗಿನಿಂದ ಬೈಗಿನವರೆಗೆ ಮಗ್ಗದ ಸದ್ದು. ಅಷ್ಟು ಮಂದಿ ಕಸಬುದಾರರ ನಡುವೆ ಎರಡು ಕಡ್ಡಿ ಹಿಡಿದು ಕಟ್ಟೆಯ ಮೇಲೆ ಕುಳಿತುಕೊಳ್ಳಲು ಧೈರ್ಯ ಬೇಕು, ಇಲ್ಲವೇ ನನ್ನಂಥ ಅರಿವುಗೇಡಿತನ ಬೇಕು. ಓಣಿಯ ಹಿರಿಯ ನೇಕಾರರೊಬ್ಬರು ಒಮ್ಮೆ ನಿಂತು ನನ್ನ ಕೈಯನ್ನು ಬಹಳ ಹೊತ್ತು ನೋಡಿದರು. "ಇದು ಯಾವಾಗ ಮುಗೀತೈತಿ ತಂಗಿ?" ಎಂದು ಕೇಳಿದರು. ಸಂಕ್ರಾಂತಿಗೆ ಎಂದೆ. "ಯಾವ ವರ್ಷದ್ದು?" ಎಂದರು. ಅವರ ಪ್ರಶ್ನೆಯಲ್ಲಿ ಕುಚೋದ್ಯ ಇರಲಿಲ್ಲ, ಕಸಬಿನ ಕುತೂಹಲ ಮಾತ್ರ ಇತ್ತು ಎಂಬುದೇ ನನ್ನ ದುಃಖ.

ಆದರೆ ನನ್ನ ಅಸಲು ತೊಂದರೆ ಹೆಣೆಯುವುದಲ್ಲ, ಹೆಣೆದ ಮೇಲೆ ಉಳಿಯುವುದು. ಉಣ್ಣೆ ಎಂದೂ ಸರಿಯಾಗಿ ಮುಗಿಯುವುದಿಲ್ಲ. ಒಂದೋ ಕೊನೆಯ ತೋಳಿಗೆ ನಾಲ್ಕು ಬೆರಳು ಕಡಿಮೆ ಬೀಳುತ್ತದೆ, ಇಲ್ಲವೇ ಅರ್ಧ ಉಂಡೆ ಉಳಿಯುತ್ತದೆ. ಆ ಅರ್ಧ ಉಂಡೆಯಲ್ಲಿ ಏನೂ ಆಗುವುದಿಲ್ಲ. ಅದಕ್ಕೆ ಜೊತೆ ಬೇಕೆಂದು ಗದಗಿನ ಬಜಾರಿಗೆ ಹೋದರೆ ಅಂಗಡಿಯವನ ಹತ್ತಿರ ಆ ನೀಲಿ ಇಲ್ಲ, ಅದರ ದಾಯಾದಿಯಂಥ ಇನ್ನೊಂದು ನೀಲಿ ಇದೆ. ಕಡಿಮೆ ಬೀಳದಿರಲಿ ಎಂದು ಎರಡು ಉಂಡೆ ತರುತ್ತೇನೆ. ಅದರಲ್ಲೊಂದು ಟೊಪ್ಪಿಗೆ ಹೆಣೆದು ಮುಗಿಯುವ ಹೊತ್ತಿಗೆ ಅರ್ಧ ಉಂಡೆಯನ್ನು ಮುಗಿಸಲು ಹೋದವಳ ಬಳಿ ಒಂದೂವರೆ ಉಂಡೆ ಇರುತ್ತದೆ. ಒಮ್ಮೆ ಶಿರಹಟ್ಟಿಯಲ್ಲಿ ಬಸ್ಸಿಗೆ ಕಾಯುತ್ತ ಕುಳಿತವಳು ಎದುರಿನ ಅಂಗಡಿಯಿಂದ ಒಂದು ಕೈಚೀಲ ತುಂಬ ಉಣ್ಣೆ ತಂದೆ. ಅದರ ಬಣ್ಣವನ್ನು ಅಂಗಡಿಯವನು ಬಂಗಾರ ಎಂದ, ನಮ್ಮ ಅತ್ತೆ ಬೆಲ್ಲ ಎಂದರು. ಮನೆಯವರು ಏನೆಂದರೆಂದು ಇಲ್ಲಿ ಬರೆಯುವಂತಿಲ್ಲ.

ಹೀಗೆ ಉಳಿದದ್ದೆಲ್ಲ ನನ್ನ ಮದುವೆಯ ಟ್ರಂಕಿಗೆ ಸೇರುತ್ತಿತ್ತು. ಟ್ರಂಕಿನಲ್ಲಿ ನುಸಿ ಹತ್ತದಿರಲೆಂದು ಹಾಕಿದ ಡಾಂಬರ ಗುಳಿಗೆಯ ವಾಸನೆ, ಅದರ ಮೇಲೆ ಬಣ್ಣಬಣ್ಣದ ಉಂಡೆಗಳು, ತುಂಡುಗಳು, ಗಂಟುಗಳು. ಇದನ್ನು ಎಸೆಯಬಾರದೇ ಎಂದು ನೀವು ಕೇಳಬಹುದು. ನಿಮ್ಮ ಮನೆಯಲ್ಲಿ ಮುಚ್ಚಳ ಕಳೆದ ಡಬ್ಬಿಗಳಿಲ್ಲವೇ, ಡಬ್ಬಿ ಕಳೆದ ಮುಚ್ಚಳಗಳಿಲ್ಲವೇ? ನಮ್ಮ ಮನೆಯವರು ಮಾಸ್ತರರು, ಪುರಾಣ ಓದಿದವರು. ಒಮ್ಮೆ ಟ್ರಂಕನ್ನು ಪಕ್ಕಕ್ಕೆ ಸರಿಸಲು ಹೋಗಿ ಸೊಂಟ ಹಿಡಿದುಕೊಂಡು ಕೇಳಿದರು, "ಇದರಾಗ ಏನ ಐತಿ, ಭೂಮಿ ಹೊತ್ತಾಂವ ಮಕ್ಕೊಂಡಾನೇನು?" ನಾನು ಅದನ್ನೇ ಹಿಡಿದುಕೊಂಡೆ. ಭೂಮಿ ಹೊತ್ತವನ ಹೆಸರೇ ಶೇಷ, ಅಂದರೆ ಉಳಿದದ್ದು. ಲೋಕವೆಲ್ಲ ಉಳಿದದ್ದರ ಹೆಡೆಯ ಮೇಲೆ ನಿಂತಿರುವಾಗ ನನ್ನ ಟ್ರಂಕಿನ ಮೇಲೆ ಮಾತ್ರ ನಿಮಗೇಕೆ ಸಿಟ್ಟು ಎಂದೆ. ಶಾಲೆಯಲ್ಲಿ ಎಷ್ಟೋ ಮಕ್ಕಳ ಬಾಯಿ ಮುಚ್ಚಿಸಿದ ಮಾಸ್ತರರು ಅಂದು ಟ್ರಂಕನ್ನು ತಾವೇ ಮೊದಲಿನ ಜಾಗಕ್ಕೆ ಸರಿಸಿದರು.

ಆದರೂ ಪ್ರತಿ ಬೇಸಿಗೆಗೆ ನಾನೊಂದು ವ್ರತ ಹಿಡಿಯುತ್ತಿದ್ದೆ. ಈ ಬೇಸಿಗೆಯಲ್ಲಿ ಒಂದು ಎಳೆ ಹೊಸದು ತರುವುದಿಲ್ಲ, ಟ್ರಂಕು ಬರಿದು ಮಾಡಿಯೇ ಸೈ. ಬೇಸಿಗೆಯೇ ಏಕೆಂದರೆ ಮಧ್ಯಾಹ್ನಗಳು ಉದ್ದ. ಶಾವಿಗೆ, ಸಂಡಿಗೆ ಮುಗಿದರೆ ಹೆಂಗಸರಿಗೆ ಕೈ ಖಾಲಿ. ಅಂಗೈ ಬೆವರಿ ಉಣ್ಣೆ ಕಡ್ಡಿಗೆ ಅಂಟಿಕೊಳ್ಳುತ್ತಿತ್ತು. ಅದಕ್ಕೆ ಕೈಗೆ ಪೌಡರು ಬಳಿದುಕೊಂಡು ಕೂಡುತ್ತಿದ್ದೆ. ಪಕ್ಕದ ಮನೆಯ ಮಾಬೂಬಿ ಬಂದಳೆಂದರೆ ನನ್ನ ಕೈ ನೋಡಿ, ಜಾತ್ರೆಗೆ ಹೊರಟಿದ್ದೀರೇನು ಎಂದು ಕೇಳುವಳು. ಮಾಬೂಬಿಯ ಗಂಡನದು ಬಳೆ ಅಂಗಡಿ. ಅವಳು ಒಂದೇ ಕೊಕ್ಕೆಸೂಜಿಯಲ್ಲಿ ಬಿಳಿ ನೂಲಿನ ನಮಾಜಿನ ಟೊಪ್ಪಿಗೆ ಹೆಣೆಯುತ್ತಿದ್ದಳು, ಅದೂ ಸೂಜಿಯನ್ನು ನೋಡದೆ, ರಸ್ತೆಯಲ್ಲಿ ಹೋಗುವವರನ್ನು ನೋಡುತ್ತ. ಕೊಕ್ಕೆಸೂಜಿಯ ಕೆಲಸದಲ್ಲಿ ಅವಳೇ ನನ್ನ ಗುರು. ಆ ವಿದ್ಯೆಯಿಂದ ನಾನು ರೇಡಿಯೊಗೆ ಹೊದಿಕೆ ಹಾಕಿದೆ, ತಾಮ್ರದ ಹಂಡೆಯ ಮುಚ್ಚಳಕ್ಕೆ ಹಾಕಿದೆ, ಬಾಗಿಲಿಗೆ ತೋರಣ ಕಟ್ಟಿದೆ. ಮನೆಯವರ ಸೈಕಲ್ಲಿನ ಸೀಟಿಗೂ ಒಂದು ಹಾಕಿದೆ. ಮೊದಲ ಮಳೆಗೆ ಅದು ನೀರು ಕುಡಿದು, ಅವರು ಶಾಲೆಯಲ್ಲಿ ದಿನವಿಡೀ ಗೋಡೆಗೆ ಬೆನ್ನು ಹಚ್ಚಿ ಪಾಠ ಹೇಳಿದರಂತೆ. "ಇನ್ನ ಮನಿಯಾಗ ಅಂಗಿ ಇಲ್ಲದ್ದು ದನದ ಕರಾ ಒಂದ ಉಳದೈತಿ ನೋಡು" ಎಂದರು.

ಇಷ್ಟೆಲ್ಲ ನಗುತ್ತ ಹೇಳುತ್ತಿದ್ದೇನಲ್ಲ, ಆ ಟ್ರಂಕನ್ನು ನಾನು ಮುಟ್ಟಲಿಕ್ಕೂ ಹೆದರಿದ ದಿನಗಳಿದ್ದವು. ಅದನ್ನು ಹೇಳಲೇಬೇಕು.

ನನ್ನ ನಾದಿನಿ ಶಕ್ಕುವನ್ನು ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಗೆ ಕೊಟ್ಟಿತ್ತು. ಮೊದಲ ಸಲ ಅವಳು ಬಸುರಿಯಾದಾಗ ಎಲ್ಲರಿಗಿಂತ ಹಿಗ್ಗಿದವಳು ನಾನು. ಹುಟ್ಟುವ ಮೊದಲು ಕೂಸಿಗೆ ಹೊಸದೇನನ್ನೂ ಮಾಡಬಾರದು, ಹುಟ್ಟಿದ ಮೇಲೂ ಮೊದಲು ಹಳೆಯ ಸೀರೆಯಲ್ಲಿ ಸುತ್ತಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ನಾನು ಕಲಿತವಳು, ಇಂಥದಕ್ಕೆಲ್ಲ ಕಿವಿಗೊಡುವುದಿಲ್ಲ ಎಂಬ ಜಂಬ. ಗುಲಾಬಿ ಬಣ್ಣದ ಕುಂಚಿಗೆ, ಕಾಲುಚೀಲ, ಅಂಗಿ ಎಲ್ಲ ಹೆಣೆದು ಓಣಿಯ ಹೆಂಗಸರಿಗೆಲ್ಲ ತೋರಿಸಿದೆ. ಕೂಸು ಏಳು ತಿಂಗಳಿಗೇ ಬಂದು ಒಂದು ದಿನವೂ ನಿಲ್ಲಲಿಲ್ಲ. ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಎರಡನೆಯದು ನಾಲ್ಕನೆಯ ತಿಂಗಳಲ್ಲಿ ಕೊರ್ಲಹಳ್ಳಿಯಲ್ಲೇ ಹೋಯಿತು. ಉಣ್ಣೆಗೂ ಅದಕ್ಕೂ ಸಂಬಂಧವಿಲ್ಲವೆಂದು ನನ್ನ ಬುದ್ಧಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಎಷ್ಟೋ ತಿಂಗಳು ಅದು ಟ್ರಂಕಿನ ಚಿಲಕದವರೆಗೆ ಹೋಗಿ ಹಿಂದೆ ಬರುತ್ತಿತ್ತು.

ಮೂರನೆಯ ಸಲ, ಎಂಬತ್ತರ ಆಸುಪಾಸಿನ ಒಂದು ಬೇಸಿಗೆಯಲ್ಲಿ, ಏಳು ತಿಂಗಳು ತುಂಬಿದ ಶಕ್ಕುವನ್ನು ಯುಗಾದಿಯ ಮುಂದೆ ತವರಿಗೆ ಕರೆತಂದರು. ಅವಳು ಒಳಗೆ ಬಂದು ನೀರು ಕುಡಿಯುವುದರೊಳಗೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪಣೆ ಹೊರಡಿಸಿದರು. "ಈ ಸಲ ಮನಿಯಾಗ ಯಾರೂ ಕೂಸಿನ ಹೆಸರು ಎತ್ತಂಗಿಲ್ಲ. ತೊಟ್ಟಲಾ ಇಳಸಂಗಿಲ್ಲ, ಕುಂಚಗಿ ಹೊಲಿಯಂಗಿಲ್ಲ. ಬರೂದು ಬಂದಮ್ಯಾಲೆ ನೋಡೂಣು." ಹೇಳುವಾಗ ನನ್ನ ಕಡೆ ನೋಡಲಿಲ್ಲ. ಟ್ರಂಕಿನ ಕಡೆ ನೋಡಿದರು.

ಅಪ್ಪಣೆ ಪಾಲಿಸುವುದು ನಮಗೆ ಸುಲಭವಾಗಿತ್ತು, ಶಕ್ಕುವಿಗೆ ಕಷ್ಟವಾಗಿತ್ತು. ನಾವು ಸುಮ್ಮನಿದ್ದಷ್ಟೂ ಅವಳ ಹೆದರಿಕೆ ಹೆಚ್ಚಿತು. ಮಧ್ಯಾಹ್ನವೆಲ್ಲ ಪಡಸಾಲೆಯ ಕಂಬಕ್ಕೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದಳು. "ವೈನಿ, ಒಂದ ತಾಸಾತು, ಮಿಸಕಿಲ್ಲ" ಎನ್ನುವಳು. ಮಿಸುಕಿದರೆ, "ಭಾಳ ಮಿಸಕಾಕತ್ತೈತಿ, ಏನರೆ ತ್ರಾಸ ಆಗೈತೇನೋ" ಎನ್ನುವಳು. ಮಾಳಿಗೆ ಹತ್ತಿ ಸಂಡಿಗೆ ಇಡುವಂತಿಲ್ಲ, ಬೀಸುವಂತಿಲ್ಲ, ಎತ್ತುವಂತಿಲ್ಲ. ಕೈಗೆ ಕೆಲಸವಿಲ್ಲದ ಹೆಣ್ಣುಮಗಳ ಮನಸ್ಸು ಎಲ್ಲೆಲ್ಲಿ ಹೋಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಕೊರ್ಲಹಳ್ಳಿಯಿಂದ ತುಂಬಿದ ಮೈಯಲ್ಲಿ ಬಂದವಳು ಹತ್ತು ದಿನಕ್ಕೆ ಊಟ ಬಿಟ್ಟಳು.

ಒಂದು ದಿನ ಡಾಂಬರ ಗುಳಿಗೆ ಬದಲಿಸುವ ನೆವದಲ್ಲಿ ನಾನು ಟ್ರಂಕು ತೆರೆದೆ. ಮಾಬೂಬಿಯೂ ಬಂದು ಕೂತಿದ್ದಳು. ಶಕ್ಕು ಕಂಬಕ್ಕೆ ಒರಗಿದಲ್ಲಿಂದಲೇ ಕೈಚಾಚಿ ಒಂದು ಹಸಿರು ಉಂಡೆ ಎತ್ತಿಕೊಂಡಳು. "ವೈನಿ, ನನಗೂ ಒಂದ ಸೂಜಿ ಕೊಡ್ರಿ. ಸುಮ್ನ ಕುಂತ ತಲಿ ಕೆಟ್ಟೈತಿ." ಅದೇ ಹೊತ್ತಿಗೆ ಅತ್ತೆ ಒಳಗಿನಿಂದ ಬಂದರು.

"ಏನ ನಡದೈತಿ?" ಎಂದರು.

ನಾನು ಡಾಂಬರ ಗುಳಿಗೆಯ ಪೊಟ್ಟಣ ಎತ್ತಿ ತೋರಿಸಿದೆ. ಮಾಬೂಬಿಯೇ ಹೇಳಿದಳು. "ಏನಿಲ್ರೆವಾ, ಚೌಕ ಹೆಣೀತೇವಿ. ಅಂಗೈಯಷ್ಟ. ಹಾಂಗ ಒಂದೊಂದ ಬಿಡಿ ಇಡೂದು."

"ಬಿಡಿ ಇಟ್ಟು ಏನ ಮಾಡ್ತೀರಿ?"

"ಜೋಡಿಸಿದ್ರ ಹೊದಿಕಿ ಆಗತೈತಿ. ಜೋಡಿಸಲಿಲ್ಲಂದ್ರ ಬರೇ ತುಂಡು. ತುಂಡಿಗೆ ಹೆಸರ ಎಲ್ಲಿಂದು?"

ಅತ್ತೆ ನ್ಯಾಯಾಧೀಶರಂತೆ ಕೆಳಗೆ ಕುಳಿತರು. ಒಂದು ಉಂಡೆ ಎತ್ತಿ ಮೂಸಿದರು. "ಇದು ಹೊಸಾದೇನು?"

"ಇಲ್ಲತ್ತಿ, ಎಲ್ಲಾ ಹಳೇದ. ಉಳದದ್ದು" ಎಂದೆ.

"ಜೋಡಸಂಗಿಲ್ಲ?"

"ಜೋಡಸಂಗಿಲ್ಲ."

ಅತ್ತೆ ಮಗಳ ಮುಖ ನೋಡಿದರು. "ಹಂಗಾರ ಅವು ಮಸಿ ಅರಿವಿ. ಯಾರ ಕೇಳಿದರೂ ಬಿಸಿ ಭಾಂಡೆ ಹಿಡಿಯೂ ಮಸಿ ಅರಿವಿ ಅನ್ರಿ" ಎಂದು ತೀರ್ಪು ಕೊಟ್ಟು ಒಳಗೆ ಹೋದರು.

ಹೀಗೆ ನಮ್ಮ ಮನೆಯಲ್ಲಿ ಮಸಿ ಅರಿವೆಯ ಕಾರ್ಖಾನೆ ಶುರುವಾಯಿತು. ಚೈತ್ರದಿಂದ ಜ್ಯೇಷ್ಠದವರೆಗೆ ಮೂವರು ಹೆಂಗಸರು ಕೈಗೆ ಪೌಡರು ಬಳಿದುಕೊಂಡು, ಒದ್ದೆ ಮಾಡಿದ ಬಾಗಿಲ ಪರದೆಯ ಹಿಂದೆ ಕುಳಿತು ಚೌಕ ಹೆಣೆದೆವು. ನನ್ನ ವ್ರತ ಮೊದಲ ಬಾರಿಗೆ ಫಲಿಸತೊಡಗಿತು. ಅರ್ಧ ಉಂಡೆ ಎಂಬ ಅವಮಾನ ಇಲ್ಲಿ ಇರಲಿಲ್ಲ, ಯಾಕೆಂದರೆ ಅಂಗೈಯಗಲದ ಚೌಕಕ್ಕೆ ಅರ್ಧ ಉಂಡೆ ಎಂದರೆ ದೊಡ್ಡ ಸಿರಿವಂತಿಕೆ. ಮನೆಯವರು ಕೂಡ ರಜೆಯಲ್ಲಿ ಪೇಪರು ಓದುತ್ತ, ಗಂಟು ಬಿದ್ದ ಉಣ್ಣೆಯನ್ನು ಬಿಡಿಸಿ ಉಂಡೆ ಸುತ್ತಿಕೊಡುತ್ತಿದ್ದರು. ಅವರು ಸುತ್ತಿದ ಉಂಡೆ ಕಲ್ಲಿನಷ್ಟು ಬಿಗಿ. ಬಿಚ್ಚುವುದೇ ಒಂದು ಕೆಲಸ.

ಒಂದು ತಪ್ಪಾಗಿತ್ತು. ಸುಳ್ಳನ್ನು ನಾವು ಅತಿ ಚೆನ್ನಾಗಿ ಹೇಳಿದ್ದೆವು. ಮೂಲೆಮನೆಯ ಗಂಗವ್ವ ಒಂದು ದಿನ ಹಿಟ್ಟಿನ ಜರಡಿ ಕೇಳಲು ಬಂದವಳು ಬುಟ್ಟಿ ನೋಡಿದಳು. "ಇವೇನ್ರೆ ಇಷ್ಟ ಚಂದ?" ಎಂದಳು. ಅತ್ತೆ ಕಣ್ಣು ಮಿಟುಕಿಸದೆ ಮಸಿ ಅರಿವೆ ಎಂದರು. "ಹೌದಾ? ಹಂಗಾರ ನನಗೂ ಎರಡ ಕೊಡ್ರಿ, ನಮ್ಮ ಅರಿವಿ ಹರದಾವು" ಎಂದಳು ಗಂಗವ್ವ. ಬುಟ್ಟಿ ತುಂಬ ಮಸಿ ಅರಿವೆ ಇಟ್ಟುಕೊಂಡು ಎರಡು ಇಲ್ಲ ಎನ್ನುವುದು ಹೇಗೆ? ಶಕ್ಕು ಬಿಳಿಯ ಅಂಚು ಕಟ್ಟಿದ್ದ ಎರಡು ಹಳದಿ ಚೌಕಗಳು ನಮ್ಮ ಕಣ್ಣೆದುರೇ ನಡೆದುಹೋದವು. ಮಾರನೆಯ ದಿನ ಇನ್ನಿಬ್ಬರು ಬಂದರು. ಒಬ್ಬಳಂತೂ ಬಣ್ಣ ಆರಿಸಿದಳು. ಗಂಗವ್ವನ ಮನೆಗೆ ನಾನು ಏನೋ ಕೇಳಲು ಹೋದಾಗ ನಮ್ಮ ಹಳದಿ ಚೌಕ ಕುದಿಯುವ ಸಾರಿನ ಪಾತ್ರೆಯ ಕಿವಿ ಹಿಡಿದು ಇಳಿಯುತ್ತಿತ್ತು. ನಾನು ಅಲ್ಲೇ ನಿಂತೆ, ಕೇಳಲು ಬಂದದ್ದು ಮರೆತು ವಾಪಸು ಬಂದೆ. ಅತ್ತೆಗೆ ಹೇಳಿದರೆ, "ಇರಲಿ ಬಿಡು. ಮಸಿ ಹತ್ತಿದ್ರ ಯಾರ ಕಣ್ಣೂ ಬೀಳಂಗಿಲ್ಲ" ಎಂದರು. ನಮ್ಮ ಅತ್ತೆ ಸೋಲುವವರಲ್ಲ.

ಆ ಮೂರು ತಿಂಗಳು ನಾನು ಶಕ್ಕುವಿನ ಮುಖ ನೋಡಲಿಲ್ಲ, ಅವಳ ಚೌಕಗಳನ್ನು ನೋಡಿದೆ. ಹೆಣೆಯುವವರ ಕೈ ಸುಳ್ಳು ಹೇಳುವುದಿಲ್ಲ. ಮೊದಮೊದಲಿನವು ಎಷ್ಟು ಬಿಗಿ ಎಂದರೆ ಸೂಜಿ ಒಳಗೆ ಹೋಗುತ್ತಿರಲಿಲ್ಲ, ಅಂಚೆಲ್ಲ ಮುದುಡಿ ಬಟ್ಟಲಿನಂತೆ ನಿಲ್ಲುತ್ತಿದ್ದವು. ಕೂಸು ಮಿಸುಕದ ದಿನದ ಚೌಕ ಇನ್ನಷ್ಟು ಸಣ್ಣದು. ಮಾವಿನಕಾಯಿ ಹಣ್ಣಾಗುವ ಹೊತ್ತಿಗೆ ಕುಣಿಕೆಗಳು ಸಡಿಲಾದವು. ಒಂದು ದಿನ ಅವಳು ಹೆಣೆಯುತ್ತ ಹೆಣೆಯುತ್ತ ಮಾಬೂಬಿಯ ಮಾತಿಗೆ ನಕ್ಕು, ಕುಣಿಕೆ ಎಣಿಸುವುದು ಮರೆತು, ಚೌಕ ಹೋಗಿ ಉದ್ದದ ಪಟ್ಟಿಯಾಯಿತು. ಬಿಚ್ಚಲು ಹೋದವಳ ಕೈ ಹಿಡಿದೆ. ನನಗೆ ಅಂಥ ತಪ್ಪು ಬೇಕಾಗಿತ್ತು. ಅಂದು ಅವಳು ಎರಡು ರೊಟ್ಟಿ ಉಂಡಳು.

ಅತ್ತೆ ಮಾತ್ರ ಸೂಜಿ ಮುಟ್ಟಲಿಲ್ಲ. ನಾವು ಕುಳಿತ ಹೊತ್ತಿಗೆ ಸರಿಯಾಗಿ ಗಿರಣಿಗೆ ಹೊರಡುತ್ತಿದ್ದರು. ಮಾಬೂಬಿಯೂ ಕೆಲವು ದಿನ ಅರ್ಧಕ್ಕೆ ಎದ್ದುಹೋಗುತ್ತಿದ್ದಳು. ನಾಲ್ಕು ಮಂದಿಯ ಮನೆಗೆ ವಾರಕ್ಕೆ ನಾಲ್ಕು ಸಲ ಹಿಟ್ಟು ಏಕೆ ಬೇಕೆಂದು ನಾನು ಯೋಚಿಸಲಿಲ್ಲ. ಟ್ರಂಕಿನಲ್ಲಿ ಬೆಲ್ಲದ ಬಣ್ಣದ ಉಣ್ಣೆ ಕಡಿಮೆಯಾಗುತ್ತ ಬಂದದ್ದನ್ನು ಗಮನಿಸಿದ್ದೆ. ಇಲಿ ಒಯ್ಯುತ್ತಿರಬೇಕು, ಒಯ್ಯಲಿ ಎಂದು ಸಂತೋಷಪಟ್ಟಿದ್ದೆ.

ಕಾರಹುಣ್ಣಿಮೆಯ ಮರುದಿನ ಬೆಳಗ್ಗೆ ಶಕ್ಕು ದವಾಖಾನೆಯಲ್ಲಿ ಹೆತ್ತಳು. ನಾನು ಅವಳ ಹತ್ತಿರ ಇದ್ದೆ. ಖಬರು ಮುಟ್ಟಿಸಲು ಮನೆಯವರು ಸೈಕಲ್ ತುಳಿದು ಬಂದರಂತೆ. ಅತ್ತೆ ಗಂಡೋ ಹೆಣ್ಣೋ ಕೇಳಲಿಲ್ಲ, "ಅಳಾಕತ್ತೈತೇನು?" ಎಂದರಂತೆ. "ದವಾಖಾನಿ ಎಲ್ಲಾ ಎದ್ದ ಕುಂತೈತಿ" ಎಂದು ಇವರು ಹೇಳಿದ ಮೇಲೆ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತು ಅತ್ತರಂತೆ. ತಾಯಿ ಅತ್ತದ್ದನ್ನು ಅವರು ನನಗೆ ವರ್ಷಗಳ ಮೇಲೆ ಹೇಳಿದರು.

ಆದರೂ ಅತ್ತೆ ಪೂರ್ತಿ ಶರಣಾಗಲಿಲ್ಲ. ತಮ್ಮ ಹಳೆಯ ಇಲಕಲ್ಲ ಸೀರೆಯಲ್ಲಿ ಕೂಸನ್ನು ಸುತ್ತಿ ಮನೆಗೆ ತಂದರು. ಐದನೆಯ ದಿನದ ಪೂಜೆ ಆಯಿತು. ಆರನೆಯ ದಿನ ಬೆಳಗ್ಗೆ ಬುಟ್ಟಿಯನ್ನು ತಾವೇ ತಂದು ಪಡಸಾಲೆಯ ನಡುವೆ ಇಟ್ಟರು. "ಕೂಸಿನ ಹೊದಿಕಿ ಜೋಡಸ್ರಿ" ಎಂದರು. ಮೂರು ತಿಂಗಳ ಮೇಲೆ ಆ ಮನೆಯಲ್ಲಿ ಆ ಮಾತು ಅವರ ಬಾಯಿಂದಲೇ ಬಂತು. ನನಗೆ ಸೂಜಿಗೆ ದಾರ ಪೋಣಿಸುವುದೇ ಆಗಲಿಲ್ಲ, ಕಣ್ಣು ಮಂಜಾಗಿತ್ತು.

ಗಂಗವ್ವ ಸುದ್ದಿ ತಿಳಿದು ತನ್ನ ಎರಡು ಚೌಕ ತೊಳೆದು ತಂದುಕೊಟ್ಟಳು. "ಮೊದ್ಲ ಹೇಳಬಾರ್ದೇನ್ರೆವಾ, ನಾ ಸಾರಿನ ಗಡಗಿ ಹಿಡದೀನಿ" ಎಂದು ಸಣ್ಣ ಮುಖ ಮಾಡಿದಳು. ಮಸಿಯ ಕಲೆ ಹೋಗಿರಲಿಲ್ಲ. ಅದನ್ನೂ ಜೋಡಿಸಿದೆವು. ಒಂದು ಚೌಕ ಇನ್ನೊಂದಕ್ಕೆ ಸರಿಯಾಗಿದ್ದರೆ ಕೇಳಿ. ನನ್ನವು ಅಗಲ, ಶಕ್ಕುವಿನವು ಮೊದಲು ಬಿಗಿ ಆಮೇಲೆ ಸಡಿಲು, ಮಾಬೂಬಿಯವು ಮಾತ್ರ ಅಳತೆಗೋಲು ಹಿಡಿದಂತೆ. ಎಲ್ಲ ಸೇರಿಸಿದರೂ ಒಂದು ಸಾಲು ಕಡಿಮೆ ಬಿತ್ತು, ಯಾಕೆಂದರೆ ಓಣಿಗೆ ಹಂಚಿದ್ದೆಲ್ಲ ತಿರುಗಿ ಬಂದಿರಲಿಲ್ಲ. ಆಗ ಮಾಬೂಬಿ ಸೆರಗಿನೊಳಗಿಂದ ಒಂದು ಗಂಟು ತೆಗೆದು ಬಿಚ್ಚಿದಳು. ಬೆಲ್ಲದ ಬಣ್ಣದ ಚೌಕಗಳು. ಒಂದೂ ಚೌಕವಾಗಿರಲಿಲ್ಲ. ಕೆಲವು ಮೂರು ಮೂಲೆಯವು, ಕೆಲವು ದುಂಡಗೆ, ಒಂದರ ನಡುವೆ ಬೆರಳು ತೂರುವ ತೂತು.

"ಇವು ನನ್ನವಲ್ರಿ ಅಕ್ಕಾರ" ಎಂದಳು. "ನನಗ ಇಷ್ಟ ಕೆಟ್ಟದ್ದು ಹೆಣಿಯಾಕ ಬರಂಗಿಲ್ಲ."

ಎಲ್ಲರೂ ಅತ್ತೆಯ ಕಡೆ ನೋಡಿದೆವು. ಅವರು ಬಾಣಂತಿಗೆ ತಿನ್ನಿಸುವ ಅಂಟಿನ ಉಂಡೆಗೆ ಕೊಬ್ಬರಿ ತುರಿಯುತ್ತ ತಲೆ ಎತ್ತಲಿಲ್ಲ. "ಗಿರಣ್ಯಾಗ ಪಾಳಿ ಭಾಳ ಇರ್ತಿತ್ತು. ಸುಮ್ನ ಕುಂಡ್ರೂದ್ಯಾಕಂತ ಇಕಿ ಕಡೆ ಕಲತೆ" ಎಂದರು. ತುರಿದ ಕೊಬ್ಬರಿಯನ್ನು ಬದಿಗೆ ಸರಿಸಿ, "ನನಗೂ ಅಂಜಿಕಿ ಇತ್ತಲಾ" ಎಂದರು. ಶಕ್ಕು ಒಳಗಿನ ಕೋಣೆಯಿಂದ, "ಏನಂತ ಯವ್ವಾ?" ಎಂದು ಕೇಳಿದಳು. ಅತ್ತೆ ಏನೂ ಇಲ್ಲವೆಂದರು. ಅಷ್ಟು ವರ್ಷ ಅವರು ನನಗೆ ಒಂದು ಮಾತೂ ಅನ್ನದೆ ಇದ್ದುದರ ಅರ್ಥ ನನಗೆ ಅಂದು ಗೊತ್ತಾಯಿತು. ಅವರು ನನ್ನನ್ನು ದೂರಿರಲಿಲ್ಲ. ತಮ್ಮ ಹೆದರಿಕೆಯನ್ನು ಇಡಲು ಅವರಿಗೆ ಜಾಗ ಸಿಕ್ಕಿರಲಿಲ್ಲ, ಅಷ್ಟೇ. ಆ ವಕ್ರ ಸಾಲನ್ನು ನಾನು ತೊಟ್ಟಿಲಲ್ಲಿ ತಲೆಯ ಕಡೆಗೆ ಬರುವಂತೆ ಜೋಡಿಸಿದೆ.

ಹೊದಿಕೆ ನೆಟ್ಟಗೆ ಹಾಸಲು ಎಂದೂ ಬರಲಿಲ್ಲ. ನಡುವೆ ಉಬ್ಬಿ, ಮೂಲೆಗೆ ಎಳೆದುಕೊಂಡು, ನಮ್ಮ ಜಿಲ್ಲೆಯ ರಸ್ತೆಗಳಂತೆ ಇತ್ತು. ನಾಮಕರಣಕ್ಕೆ ಬಂದವರೆಲ್ಲ ಎತ್ತಿ ನೋಡಿದರು. ಯಾರೂ ಚಂದವಿದೆ ಎನ್ನಲಿಲ್ಲ, ಬೆಚ್ಚಗಿದೆ ಎಂದರು. ನಾನು ಅಷ್ಟು ವರ್ಷ ಹೆಣೆದದ್ದರಲ್ಲಿ ನನಗೆ ತೀರ ಹೆಮ್ಮೆ ಎನಿಸಿದ್ದು ಅದೊಂದೇ, ಅದರಲ್ಲಿ ನನ್ನ ಪಾಲು ಕಾಲು ಭಾಗವೂ ಇರಲಿಲ್ಲ. ಹೆಣಿಗೆ ಎಂದರೆ ಮುಗಿಸಿ ತೋರಿಸುವುದು ಎಂದು ತಿಳಿದವಳು ನಾನು. ಮುಗಿಸದೆ ಬಿಡಿಯಾಗಿ ಇಟ್ಟುಕೊಂಡು ಕಾಯುವುದೂ ಅದರೊಳಗಿನ ಒಂದು ವಿದ್ಯೆಯೆಂದು ಆ ಬೇಸಿಗೆ ಕಲಿಸಿತು.

ಶ್ರಾವಣದ ಹೊತ್ತಿಗೆ ಕೂಸಿಗೆ ಎರಡು ತಿಂಗಳು ತುಂಬಿತ್ತು. ಹೊರಗೆ ಜಿಟಿಜಿಟಿ ಮಳೆ, ಹೊದಿಕೆಗೆ ಕೊನೆಗೂ ಹೊಂದುವ ಹವೆ. ಆದರೆ ಹೊದಿಸಿದರೆ ಕೂಸು ಅದನ್ನು ಮೈಮೇಲೆ ನಿಲ್ಲಗೊಡುತ್ತಿರಲಿಲ್ಲ. ಎರಡೂ ಕಾಲು ಎತ್ತಿ, ಮುಖವೆಲ್ಲ ಕೆಂಪು ಮಾಡಿಕೊಂಡು, ಒಂದೇ ಏಟಿಗೆ ಒದೆಯುತ್ತಿತ್ತು. ನಾಲ್ವರು ಹೆಂಗಸರ ಬೇಸಿಗೆಯ ದುಡಿಮೆ ಒಂದು ಪಕ್ಕಕ್ಕೆ ಜಾರಿ ಬೀಳುತ್ತಿತ್ತು. ತೊಟ್ಟಿಲ ಬಳಿ ಕುಳಿತ ಅತ್ತೆ ಅದನ್ನು ಎತ್ತಿ, ಕೊಡವಿ, ಮತ್ತೆ ಎದೆಯವರೆಗೆ ಎಳೆದು ಹೊದಿಸುವರು. ಕೂಸು ಮತ್ತೆ ಒದೆಯುವುದು. ಅವರು ಮತ್ತೆ ಹೊದಿಸುವರು. "ಅದಕ್ಕ ಬ್ಯಾಡಾಗೈತ್ರಿ ಅತ್ತಿ, ಬಿಡ್ರಿ" ಎಂದೆ ಒಮ್ಮೆ.

"ಗೊತ್ತೈತಿ" ಎಂದರು ಅತ್ತೆ, ಹೊದಿಕೆ ಎತ್ತಿಕೊಳ್ಳುತ್ತ. "ಇನ್ನೊಮ್ಮೆ ಒದೀಲಿ, ನೋಡೂಣು."